ಅನುದಾನ ಮುಗಿದ ಮೇಲೆ ಬದು ಯಾರದು?

ಜಲಾನಯನ ಅಭಿವೃದ್ಧಿಗೆ ಸರ್ಕಾರದ ಅನುದಾನ ಮಂಜೂರಾದ ಊರಿನಲ್ಲಿ ಮೊದಲು ಕೇಳಿಬರುವ ಮಾತು, ಎಷ್ಟು ಹಣ ಬಂತು ಎಂಬುದು. ಎರಡನೆಯದು, ಯಾರ ಹೊಲಕ್ಕೆ ಎಷ್ಟು ಎಂಬುದು. ಕೆಲಸ ಮುಗಿದು ಅಧಿಕಾರಿಗಳು ಹೊರಟುಹೋದ ಮೇಲೆ ಬದು ಒಡೆದರೆ ಕಟ್ಟುವವರು ಯಾರು ಎಂದು ಕೇಳುವವರು ವಿರಳ. ರೈತ ಬಾಂಧವರೇ, ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕಾದ ವಿಷಯ ಇದೇ.

ಸ್ವಂತ ಹೊಲದ ಬದುವಿಗೆ ಸಾರ್ವಜನಿಕ ಹಣವೇಕೆ ಎಂದು ಕೆಲವರು ಪ್ರಶ್ನಿಸುವುದುಂಟು. ಲೆಕ್ಕ ಸರಳವಾಗಿದೆ. ಒಂದು ಎಕರೆಯ ಮೇಲೆ ೨೫ ಮಿ.ಮೀ. ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರಾಗುತ್ತದೆ. ಅದರಲ್ಲಿ ಕಾಲು ಭಾಗ ಹರಿದುಹೋದರೂ ೨೫,೦೦೦ ಲೀಟರ್ ನಷ್ಟ. ಎಕರೆಯೊಂದರಲ್ಲಿ ಒಂದು ಮಿ.ಮೀ. ದಪ್ಪ ಮೇಲ್ಮಣ್ಣು ಕೊಚ್ಚಿಹೋದರೆ ಸುಮಾರು ೫ ಟನ್ ಮಣ್ಣು ಹೋದಂತೆ. ಆ ಮಣ್ಣು ಕೆಳಗಿನ ಕೆರೆಯಲ್ಲಿ ಹೂಳಾಗಿ ನಿಲ್ಲುತ್ತದೆ. ಮೇಲಿನ ಹೊಲದವರು ಬದು ಹಾಕಿದರೆ ಕೆಳಗಿನವರ ಬಾವಿಗೂ ಕೆರೆಗೂ ಲಾಭ. ಲಾಭ ಹಲವರಿಗೆ ಸೇರುವಾಗ ಖರ್ಚಿನಲ್ಲಿ ಸಮಾಜವೂ ಪಾಲು ಹೊರುವುದು ನ್ಯಾಯ.

ಸರ್ಕಾರವೂ ಇದನ್ನು ಒಪ್ಪಿದೆ. ೧೯೯೪ರ ಮಾರ್ಗಸೂಚಿಯಲ್ಲಿ ಹೆಕ್ಟೇರಿಗೆ ೪,೦೦೦ ರೂಪಾಯಿಯ ಆಸುಪಾಸಿನಲ್ಲಿದ್ದ ವೆಚ್ಚದ ದರ, ಬಯಲು ಪ್ರದೇಶಕ್ಕೆ ೨೦೦೮ರಲ್ಲಿ ೧೨,೦೦೦ಕ್ಕೂ, ೨೦೨೧ರಲ್ಲಿ ೨೨,೦೦೦ಕ್ಕೂ ಏರಿತು. ಇದು ಸ್ವಾಗತಾರ್ಹ. ಆದರೆ ಯೋಜನೆಯ ಅವಧಿ ನಾಲ್ಕೈದು ವರ್ಷ. ಬದುವಾದರೋ ನಿಮ್ಮ ಮಕ್ಕಳ ಕಾಲಕ್ಕೂ ನಿಲ್ಲಬೇಕಾದುದು.

ಹೊಸ ಮಣ್ಣಿನ ಬದು ಮೊದಲ ಒಂದೆರಡು ಮಳೆಗಾಲದಲ್ಲಿ ಕುಸಿದು ಕೂರುತ್ತದೆ. ಇಲಿ, ಏಡಿಗಳು ಬಿಲ ತೋಡುತ್ತವೆ. ಕೋಡಿಯ ಕಲ್ಲು ಸಡಿಲವಾಗುತ್ತದೆ. ಆಗಲೇ ನಾಲ್ಕು ಬುಟ್ಟಿ ಮಣ್ಣು ಹಾಕಿ ತುಳಿದರೆ ಮುಗಿಯುವ ಕೆಲಸವನ್ನು ಬಿಟ್ಟರೆ, ಮುಂದೆ ಹೊಲದ ನಡುವೆ ಕೊರಕಲು ಬೀಳುತ್ತದೆ. ಕಪ್ಪು ಭೂಮಿಯಲ್ಲಿ ಇನ್ನೊಂದು ತೊಂದರೆಯಿದೆ. ಅಲ್ಲಿ ಸಮಪಾತಳಿ ಬದುವಿನ ಹಿಂದೆ ನೀರು ನಿಂತು ಬೆಳೆ ಹಳದಿಯಾಗುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಬದು ಮಳೆಗೆ ಒಡೆಯುತ್ತದೆ. ಅಂಥಲ್ಲಿ ಹೆಚ್ಚಾದ ನೀರನ್ನು ನಿಧಾನವಾಗಿ ಹೊರಬಿಡುವ ಇಳಿಜಾರು ಬದು ಸೂಕ್ತ. ಇಷ್ಟು ಮೀಟರ್ ಮುಗಿಸಬೇಕೆಂಬ ಆತುರದಲ್ಲಿ ಈ ವ್ಯತ್ಯಾಸವನ್ನು ಮರೆತರೆ ರೈತನೇ ಬದುವನ್ನು ಉತ್ತು ತೆಗೆಯುತ್ತಾನೆ. ಅವನನ್ನು ದೂರಿ ಫಲವಿಲ್ಲ.

ನಿರ್ವಹಣೆಗೆ ದಾರಿ ಇಲ್ಲವೆಂದಲ್ಲ. ೨೦೦೮ರ ಮಾರ್ಗಸೂಚಿಯು ಖಾಸಗಿ ಜಮೀನಿನ ಮಣ್ಣು-ನೀರು ಸಂರಕ್ಷಣೆಯ ವೆಚ್ಚದಲ್ಲಿ ಶೇಕಡ ೧೦ರಷ್ಟನ್ನು ರೈತರ ವಂತಿಗೆಯೆಂದು ಗೊತ್ತುಪಡಿಸಿತು. ಸಣ್ಣ ಮತ್ತು ಅತಿ ಸಣ್ಣ ರೈತರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಶೇಕಡ ೫. ಇದನ್ನು ನಗದಾಗಿ ಇಲ್ಲವೆ ಶ್ರಮವಾಗಿ ಕೊಡಬಹುದಾಗಿತ್ತು. ಈ ವಂತಿಗೆ ಜಲಾನಯನ ನಿಧಿಗೆ ಸೇರಿ, ಯೋಜನೆ ಮುಗಿದ ಮೇಲೆ ಸಾಮೂಹಿಕ ಜಮೀನಿನ ಕಾಮಗಾರಿಗಳ ದುರಸ್ತಿಗೆ ಒದಗಬೇಕೆಂಬುದು ಉದ್ದೇಶ. ಬಡ ರೈತನಿಂದ ವಂತಿಗೆಯೇಕೆ ಎಂಬ ಆಕ್ಷೇಪಣೆ ಇದೆ. ಶ್ರಮದಾನಕ್ಕೆ ಅವಕಾಶವಿರುವಾಗ ಈ ಆಕ್ಷೇಪಣೆ ಅಷ್ಟು ಬಲವಾದುದಲ್ಲ. ನಿಜವಾದ ಅನ್ಯಾಯ ಬೇರೆ ಇದೆ. ವಂತಿಗೆಯನ್ನು ಕೂಲಿಯವರ ಸಂಬಳದಿಂದ ಮುರಿದುಕೊಂಡರೆ, ಜಮೀನಿಲ್ಲದವನು ಜಮೀನುದಾರನ ಬದುವಿಗೆ ಹಣ ತೆತ್ತಂತಾಗುತ್ತದೆ. ರೈತನಿಗೂ ಅದು ತನ್ನ ಹಣವೆನಿಸುವುದಿಲ್ಲ. ನಿಧಿ ಏನಾಯಿತೆಂದು ಅವನು ಕೇಳುವುದೂ ಇಲ್ಲ.

ಪಾಲು ಸಿಕ್ಕಿದರೆ ಜನರು ತಾವೇ ಕಾಯುತ್ತಾರೆ ಎಂಬುದಕ್ಕೆ ಹರಿಯಾಣದ ಸುಖೋಮಾಜ್ರಿ ಗ್ರಾಮ ಒಳ್ಳೆಯ ನಿದರ್ಶನ. ಶಿವಾಲಿಕ್ ಗುಡ್ಡಗಳಿಂದ ಕೊಚ್ಚಿಬಂದ ಮಣ್ಣು ಚಂಡೀಗಢದ ಸುಖ್ನಾ ಸರೋವರವನ್ನು ತುಂಬುತ್ತಿತ್ತು. ೧೯೭೦ರ ದಶಕದಲ್ಲಿ ವಿಜ್ಞಾನಿ ಪಿ. ಆರ್. ಮಿಶ್ರಾ ಅವರ ಮಾರ್ಗದರ್ಶನದಲ್ಲಿ ಅಲ್ಲಿ ಮಣ್ಣಿನ ಸಣ್ಣ ಅಣೆಕಟ್ಟುಗಳನ್ನು ಕಟ್ಟಿ, ಜಮೀನಿಲ್ಲದವರೂ ಸೇರಿ ಪ್ರತಿ ಮನೆಗೂ ನೀರಿನಲ್ಲಿ ಪಾಲು ಗೊತ್ತುಮಾಡಲಾಯಿತು. ಆ ಮೇಲೆ ಗುಡ್ಡದಲ್ಲಿ ದನ, ಮೇಕೆ ಮೇಯಿಸುವುದನ್ನು ಜನರೇ ತಡೆದರು. ಬೇಲಿ ಬೇಕಾಗಲಿಲ್ಲ.

ಆದುದರಿಂದ ನಿಮ್ಮ ಊರಿಗೆ ಅನುದಾನ ಬಂದಾಗ, ಮೊದಲ ಬುಟ್ಟಿ ಮಣ್ಣು ಎತ್ತುವ ಮುನ್ನವೇ ಗ್ರಾಮಸಭೆಯಲ್ಲಿ ನಾಲ್ಕು ವಿಷಯಗಳನ್ನು ಕೇಳಿ ಬರೆಸಿಕೊಳ್ಳಿ: ನಮ್ಮ ಮಣ್ಣಿಗೆ ಎಂಥ ಬದು? ಕೋಡಿ ಎಲ್ಲಿ? ಸಾಮೂಹಿಕ ಕಾಮಗಾರಿಯ ನೀರು, ಹುಲ್ಲಿನಲ್ಲಿ ಯಾರಿಗೆ ಎಷ್ಟು ಪಾಲು? ನಿಧಿಯ ಲೆಕ್ಕವನ್ನು ಯಾರು, ಯಾವಾಗ ಓದಿ ಹೇಳುತ್ತಾರೆ? ಸ್ವಂತ ಹೊಲದ ಬದುವನ್ನಂತೂ ಪ್ರತಿ ದೊಡ್ಡ ಮಳೆಯ ಮರುದಿನ ನೀವೇ ಸುತ್ತಿ ನೋಡಬೇಕು.

ಸರ್ಕಾರಕ್ಕೂ ಒಂದು ಸಲಹೆ. ಅನುದಾನದ ಕೊನೆಯ ಕಂತನ್ನು ಕಾಮಗಾರಿ ಮುಗಿದ ಕೂಡಲೆ ಕೊಡದೆ, ಎರಡು ಮಳೆಗಾಲ ಕಳೆದ ಮೇಲೆ, ನಿಂತಿರುವ ಬದುಗಳನ್ನು ಅಳೆದು ಊರಿನ ನಿಧಿಗೆ ಕೊಡಲಿ. ಆಗ ಕಟ್ಟಿದ್ದಕ್ಕಷ್ಟೇ ಅಲ್ಲ, ಕಾಪಾಡಿದ್ದಕ್ಕೂ ಬೆಲೆ ಬರುತ್ತದೆ.