ದಿಟ್ಟಿಸಿದ್ದೆಲ್ಲ ಮೆಚ್ಚಿಗೆಯಲ್ಲ

ಕಳೆದ ತಿಂಗಳು ತರೀಕೆರೆಯ ಬಂಧುಗಳ ಮನೆಗೆ ನಾಮಕರಣಕ್ಕೆ ಹೋಗಿದ್ದೆ. ಎರಡು ತಿಂಗಳ ಕೂಸು. ತೊಟ್ಟಿಲ ಅಂಚಿಗೆ ಮೊಬೈಲ್ ಒರಗಿಸಿದ್ದರು. ಪರದೆಯಲ್ಲಿ ಬಣ್ಣದ ಆಕೃತಿಗಳು ಕುಣಿಯುತ್ತಿದ್ದವು. ಕೂಸು ರೆಪ್ಪೆ ಅಲುಗಿಸದೆ ದಿಟ್ಟಿಸುತ್ತಿತ್ತು. "ನೋಡಿ ಮೇಷ್ಟ್ರೇ, ಇದೆಂದರೆ ಇವನಿಗೆ ಪ್ರಾಣ. ಈಗಲೇ ಎಷ್ಟು ಚುರುಕು!" ಎಂದರು ತಂದೆ. ಕಡೂರಿನಲ್ಲಿ ನನ್ನಿಂದಲೇ ವಿಜ್ಞಾನ ಕಲಿತವರು! ಶುಭಕಾರ್ಯದಲ್ಲಿ ವಾದ ಬೇಡವೆಂದು ಅಂದು ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಲಾರೆ.

ಶಿಶುವಿನ ನೋಟವನ್ನು ಅಳೆಯುವುದು ಒಂದು ಶಾಸ್ತ್ರವೇ ಆಗಿದೆ. ಅಮೆರಿಕದ ರಾಬರ್ಟ್ ಫ್ಯಾಂಟ್ಸ್ ಎಂಬ ಮನೋವಿಜ್ಞಾನಿ ಕೂಸನ್ನು ಮಲಗಿಸಿ, ಮೇಲೆ ಚಿತ್ರಗಳನ್ನಿಟ್ಟು, ಒಂದು ಕಿಂಡಿಯಿಂದ ಅದರ ಕಣ್ಣನ್ನೇ ಗಮನಿಸುತ್ತಿದ್ದರು. ಕಣ್ಣಾಲಿಯ ನಡುವೆ ಯಾವ ಚಿತ್ರ ಪ್ರತಿಬಿಂಬಿಸಿದೆಯೋ ಅದನ್ನು ಕೂಸು ನೋಡುತ್ತಿದೆ. ಎಷ್ಟು ಸೆಕೆಂಡು ಎಂಬುದಷ್ಟೇ ಲೆಕ್ಕ. 1963ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ, ಹುಟ್ಟಿ ಐದು ದಿನವೂ ಮೀರದ ಶಿಶುಗಳು ಬರಿಯ ಬಣ್ಣದ ಬಿಲ್ಲೆಗಳಿಗಿಂತ ಮುಖದ ಚಿತ್ರವನ್ನೂ ವೃತ್ತಪತ್ರಿಕೆಯ ತುಣುಕನ್ನೂ ಹೆಚ್ಚು ಹೊತ್ತು ನೋಡಿದವು. ಹಾಗೆಂದು ಆ ಕೂಸುಗಳಿಗೆ ಸುದ್ದಿಯ ಹಸಿವಿತ್ತೆಂದು ಯಾರೂ ತೀರ್ಮಾನಿಸಲಿಲ್ಲ! ಎರಡರ ವ್ಯತ್ಯಾಸ ಅವಕ್ಕೆ ಕಾಣುತ್ತದೆ ಎಂಬುದೊಂದೇ ಸಿದ್ಧವಾದದ್ದು. ಇಂಗ್ಲಿಷಿನವರು ಅದನ್ನು 'ಪ್ರಿಫರೆನ್ಸ್' ಎಂದರು, ನಾವು 'ಒಲವು' ಎಂದು ಅರ್ಥ ಮಾಡಿಕೊಂಡೆವು. ಎಡವಟ್ಟಾದದ್ದು ಅಲ್ಲೇ.

(ನಾನು ಬಿ.ಎಡ್. ಓದುವಾಗ ಪಿಯಾಜೆಯ ಹಂತಗಳಲ್ಲಿ ತೊಟ್ಟಿಲ ಕೂಸಿನದನ್ನು 'ಪರೀಕ್ಷೆಗೆ ಬಾರದು' ಎಂದು ಬಿಟ್ಟಿದ್ದವನು. ಇದೆಲ್ಲ ನಿವೃತ್ತಿಯ ನಂತರದ ಓದು.)

ದೀರ್ಘ ನೋಟಕ್ಕೆ ಬೇರೆ ಕಾರಣಗಳೂ ಇವೆ. 1992ರಲ್ಲಿ ಕ್ಯಾರೆನ್ ವಿನ್ ಎಂಬ ವಿದುಷಿ ಐದು ತಿಂಗಳ ಶಿಶುಗಳ ಮುಂದೆ ಒಂದು ಗೊಂಬೆಯನ್ನಿಟ್ಟು, ಪರದೆ ಎತ್ತಿ, ಅದರ ಹಿಂದಕ್ಕೆ ಇನ್ನೊಂದನ್ನು ಸೇರಿಸಿ ತೋರಿಸಿದರು. ಪರದೆ ಇಳಿದಾಗ ಒಂದೇ ಗೊಂಬೆ ಉಳಿದಿದ್ದರೆ ಶಿಶುಗಳು ಹೆಚ್ಚು ಹೊತ್ತು ನೋಡಿದವು. ತಪ್ಪು ಲೆಕ್ಕವನ್ನು ಮೆಚ್ಚಿಯೇ? ಇನ್ನು ಒಂದೆರಡು ತಿಂಗಳ ಕೂಸಿನ ಸ್ಥಿತಿಯೇ ಬೇರೆ: ಸೆಳೆದ ವಸ್ತುವಿನಿಂದ ಕಣ್ಣು ಕೀಳುವ ಹಿಡಿತವೇ ಅದಕ್ಕೆ ಇನ್ನೂ ಪೂರ್ತಿ ಬಂದಿರುವುದಿಲ್ಲ. ರಾತ್ರಿ ಅಜ್ಜಂಪುರದ ರಸ್ತೆಯಲ್ಲಿ ಲಾರಿಯ ಬೆಳಕಿಗೆ ಸಿಕ್ಕಿ ನಿಂತ ಮೊಲ ಆ ದೀಪವನ್ನು ಮೆಚ್ಚಿ ನಿಂತಿದೆ ಎನ್ನುತ್ತೀರಾ?

ಅಜ್ಜಿ ಅತ್ತೆಯರಿಲ್ಲದ ಮನೆಯಲ್ಲಿ ಒಬ್ಬಳೇ ತಾಯಿ ಅಡುಗೆ ಮಾಡಬೇಕು, ನೀರು ಹಿಡಿಯಬೇಕು. ಹತ್ತು ನಿಮಿಷದ ಬಿಡುವಿಗಾಗಿ ಫೋನ್ ಇಟ್ಟೆ ಎಂದರೆ ನಾನು ಅವಳನ್ನು ದೂರುವುದಿಲ್ಲ. ಅದನ್ನು 'ಚುರುಕು' ಎಂದು ಹೊಗಳುವ ತಂದೆಯ ಮೇಲೆ ನನ್ನ ಸಿಟ್ಟು. 'ಮಿದುಳಿನ ಬೆಳವಣಿಗೆಗೆ' ಎಂದು ಕಪ್ಪುಬಿಳುಪು ಕಾರ್ಡು ಮಾರುವವರ ಮೇಲೆ ಇನ್ನೂ ಹೆಚ್ಚು. ವರ್ಷ ತುಂಬದ ಮಗುವಿಗೆ ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಮ್ಮ ದೇಶದ ಮಕ್ಕಳ ತಜ್ಞರ ಸಂಘವು ಎರಡು ವರ್ಷದವರೆಗೂ ಬೇಡವೆಂದಿದೆ. ದೂರದ ಬಂಧುಗಳೊಡನೆ ಅಪರೂಪಕ್ಕೆ ವಿಡಿಯೋ ಕರೆಗಷ್ಟೇ ವಿನಾಯಿತಿ. ಪರದೇಶದಲ್ಲಿರುವ ನನ್ನ ಶಿಷ್ಯರು ಹೆದರಬೇಕಿಲ್ಲ.

ಆ ತಂದೆಗೆ ಒಂದು ಮನೆಗೆಲಸ ಕೊಡುತ್ತೇನೆ. ಕೂಸಿಗೆ ಮೂರ್ನಾಲ್ಕು ತಿಂಗಳಾದಾಗ ತಾಯಿ ಅದನ್ನು ಮಾತಾಡಿಸುವುದನ್ನು ಕುಳಿತು ನೋಡಿ. ಕೂಸು ನೋಡುತ್ತದೆ, ನಗುತ್ತದೆ, ಸಾಕೆನಿಸಿದಾಗ ಮುಖ ತಿರುಗಿಸುತ್ತದೆ. ತಾಯಿ ಮಾತು ನಿಲ್ಲಿಸಿ ಕಾಯುತ್ತಾಳೆ. ಕೂಸು ಮತ್ತೆ ತಿರುಗುತ್ತದೆ. ಫೋನ್ ಕಾಯುವುದಿಲ್ಲ.