ಹೆದ್ದಾರಿ ಬದಿಯ ಮಸೀದಿಯಲ್ಲಿ ಅವರಿಗೂ ಒಂದು ಕೋಣೆ

ಹನ್ನೊಂದು ವರ್ಷ ಸೌದಿಯ ದಮ್ಮಾಮಿನಲ್ಲಿದ್ದೆ. ಊರಿಗೆ ಬಂದ ಮೇಲೆ ಸಿಕ್ಕಿದವರೆಲ್ಲ ಕೇಳುವುದು ಒಂದೇ, "ಅಲ್ಲಿ ಹೇಗೆ ಮಾರಾಯ?" ಹೇಳಲು ಸಣ್ಣಪುಟ್ಟ ಸಂಗತಿ ಬೇಕಾದಷ್ಟಿದೆ. ಲಿಫ್ಟಿಗೆ ಹತ್ತಿದವ ಪರಿಚಯ ಇದ್ದರೂ ಇಲ್ಲದಿದ್ದರೂ ಸಲಾಂ ಹೇಳುತ್ತಾನೆ. ನಾವಿಲ್ಲಿ ಟೊಪ್ಪಿ ನೋಡಿ ಹೇಳುವವರು. ಬಾಂಗ್ ಆದರೆ ಅಂಗಡಿಯ ಶಟರ್ ಇಳಿಯುತ್ತಿತ್ತು. ಹೊರಗಿದ್ದವ ಹೊರಗೆ, ಒಳಗಿದ್ದವ ಒಳಗೆ. 2021ರ ನಂತರ ಆ ಬಿಗಿ ಸಡಿಲವಾಯಿತು.

ನನಗೆ ಹೇಳಲೇಬೇಕೆನಿಸುವುದು ಮಾತ್ರ ಪೆಟ್ರೋಲ್ ಪಂಪಿನ ವಿಷಯ.

ದಮ್ಮಾಮಿನಿಂದ ರಿಯಾದ್‌ಗೆ ಸುಮಾರು 400 ಕಿ.ಮೀ. ಮರುಭೂಮಿಯ ದಾರಿ. ನಡುವೆ ಪಂಪುಗಳು, ಪಂಪಿನ ಜೊತೆಗೆ ಒಂದು ಬಕಾಲ, ಟಯರ್ ಅಂಗಡಿ, ಮಸೀದಿ. ಮಸೀದಿಯ ಪಕ್ಕದಲ್ಲೇ ಸ್ತ್ರೀಯರ ಮುಸಲ್ಲಾ ಎಂದು ಅರಬಿಯಲ್ಲಿ ಬರೆದ ಬೇರೆ ಬಾಗಿಲು. ಎಲ್ಲ ಕಡೆ ಶುಚಿಯಾಗಿತ್ತೆಂದರೆ ಸುಳ್ಳಾದೀತು. ಶೌಚಾಲಯ ನೋಡಿ ನನ್ನ ಮನೆಯವಳು ಮೂಗು ಮುಚ್ಚಿಕೊಂಡು ವಾಪಸ್ ಬಂದದ್ದೂ ಉಂಟು. ಆದರೆ ನಾನು ನಮಾಝ್ ಮಾಡಿ ಬರುವಷ್ಟರಲ್ಲಿ ಅವಳದ್ದೂ ಮುಗಿದಿರುತ್ತಿತ್ತು. ಇದೊಂದು ಸೌಕರ್ಯ ಅಂತ ನಮಗೆ ಆಗ ಅನಿಸಿದ್ದೇ ಇಲ್ಲ.

ಅನಿಸಿದ್ದು ಊರಿಗೆ ಬಂದ ಮೇಲೆ. ಉಡುಪಿಯ ಆಸ್ಪತ್ರೆಯಲ್ಲಿದ್ದ ಸಂಬಂಧಿಕರನ್ನು ನೋಡಿ ಮಂಗಳೂರಿಗೆ ಮರಳುತ್ತಿದ್ದೆವು. ದಾರಿಯಲ್ಲಿ ಮಗ್ರಿಬ್ ಬಾಂಗ್ ಆಯಿತು. ಹೆದ್ದಾರಿ ಬದಿಯ ಮಸೀದಿಯೊಂದರ ಎದುರು ಕಾರು ನಿಲ್ಲಿಸಿ ನಾನು, ಮಗ ಒಳಗೆ ಹೋದೆವು. ವುಝೂ ಮಾಡಲು ಸಾಲು ನಳ್ಳಿ, ಕಾಲಡಿಗೆ ಮಾರ್ಬಲ್, ತಲೆ ಮೇಲೆ ಎ.ಸಿ. ಸುನ್ನತ್ ಕೂಡ ಮುಗಿಸಿ ಹೊರಗೆ ಬಂದರೆ ಉಮ್ಮ, ಮಗಳು ಕಾರಿನ ಕಿಟಕಿ ಮುಚ್ಚಿ ಕತ್ತಲಲ್ಲಿ ಕೂತಿದ್ದಾರೆ. "ಮನೆಗೆ ಹೋಗಿ ಮಾಡುವ" ಎಂದಳು ಮನೆಯವಳು. ದಾರಿಯಲ್ಲಿ ಟ್ರಾಫಿಕ್. ಮನೆ ಮುಟ್ಟುವಾಗ ಇಶಾ ಬಾಂಗ್ ಆಗಿತ್ತು. ಮೂವರದ್ದೂ, ಅಂದರೆ ಮನೆಯವಳದ್ದು, ಮಗಳದ್ದು, ನಮ್ಮ ಜೊತೆಗಿದ್ದ ಅತ್ತೆಯದ್ದು, ಮಗ್ರಿಬ್ ಖಳಾ ಆಯಿತು.

ಪ್ರಯಾಣದಲ್ಲಿ ಎರಡು ನಮಾಝ್ ಸೇರಿಸಿ ಮಾಡಬಹುದಲ್ಲ ಎನ್ನುವವರಿದ್ದಾರೆ. ಉಡುಪಿ-ಮಂಗಳೂರು 60 ಕಿ.ಮೀ. ಕೂಡ ಇಲ್ಲ. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಅಷ್ಟು ದೂರಕ್ಕೆ ಆ ರಿಯಾಯಿತಿ ಸಿಗುವುದಿಲ್ಲ. ಮದ್ರಸದಲ್ಲಿ ಕಲಿತದ್ದು ನೆನಪಿರುವವರಿಗೆ ಇದು ಗೊತ್ತು.

ಹೆಂಗಸರು ಜಮಾಅತ್ ನಮಾಝಿಗೆ ಮಸೀದಿಗೆ ಬರಬೇಕೇ ಬೇಡವೇ ಎಂಬ ಚರ್ಚೆಗೆ ನಾನು ಕೈಹಾಕುತ್ತಿಲ್ಲ. ಅದರಲ್ಲಿ ಉಲಮಾಗಳ ನಡುವೆಯೇ ಭಿನ್ನಾಭಿಪ್ರಾಯ ಇದೆ, ಅದು ಅವರಿಗೇ ಇರಲಿ. ನಾನು ಹೇಳುವುದು ದಾರಿಹೋಕರ ಕೋಣೆಯ ಬಗ್ಗೆ. ಮಸೀದಿಯ ಒಳಗೇ ಆಗಬೇಕೆಂದಿಲ್ಲ, ಕಂಪೌಂಡಿನ ಮೂಲೆಯಲ್ಲಾದರೂ ಸಾಕು. ಹತ್ತಡಿ ಅಗಲ, ಹತ್ತಡಿ ಉದ್ದ, ಒಳಗಿನಿಂದ ಚಿಲಕ, ಎರಡು ನಳ್ಳಿ, ಒಂದು ಶೌಚಾಲಯ, ಗೋಡೆಯ ಮೊಳೆಗೆ ನಾಲ್ಕು ನಮಾಝಿನ ಕುಪ್ಪಾಯ. ಕೇರಳದ ಕಡೆ ಹೋದವರು ಇಂಥ ಬೋರ್ಡು ನೋಡಿರಬಹುದು. ನಮ್ಮಲ್ಲೂ ಕೆಲವು ಜಮಾಅತ್‌ಗಳು ಮಾಡಿವೆ, ಅವರಿಗೆ ಅಲ್ಲಾಹು ಬರಕತ್ ನೀಡಲಿ. ಆದರೆ ಎಲ್ಲಿದೆ, ಎಲ್ಲಿಲ್ಲ ಎಂದು ರಾತ್ರಿ ಹೊತ್ತು ಹೆಂಗಸರು ಕಾರಿನಿಂದ ಇಳಿದು ಕೇಳಿಕೊಂಡು ಹೋಗಲು ಆಗುತ್ತದಾ?

ಹಣ ಇಲ್ಲ ಎಂಬ ಮಾತನ್ನು ನಾನಂತೂ ಒಪ್ಪುವುದಿಲ್ಲ. ಮಿನಾರಕ್ಕೆ, ಝೂಮರ್‌ಗೆ, ಕಾರ್ಪೆಟ್‌ಗೆ ಗಲ್ಫಿನಲ್ಲಿ ರೂಮು ರೂಮಿಗೆ ರಶೀದಿ ಪುಸ್ತಕ ಹಿಡಿದು ಹೋದದ್ದು ನಾವೇ. ಕೊಟ್ಟವರೂ ನಾವೇ. ಕೊಡುವಾಗ ಹೆಂಗಸರಿಗೆ ಏನಿದೆ ಎಂದು ಒಬ್ಬನಾದರೂ ಕೇಳಿದ್ದು ನನಗೆ ನೆನಪಿಲ್ಲ. ನಾನೂ ಕೇಳಿಲ್ಲ. ಅದೇ ಪೆಟ್ರೋಲ್ ಪಂಪುಗಳಲ್ಲಿ ವರ್ಷಗಟ್ಟಲೆ ನಿಲ್ಲಿಸಿದ್ದ ನಮಗೆ ಹೊಳೆಯಲಿಲ್ಲವಲ್ಲ!

ಮೊನ್ನೆ ನಮ್ಮ ಮೊಹಲ್ಲಾದ ವಾಟ್ಸ್ಆ್ಯಪ್ ಗ್ರೂಪಿಗೆ ಹೊಸ ಮಸೀದಿಯ ನಕ್ಷೆ ಬಂತು. ಮಿನಾರ ಎರಡು, ಕಾರು ನಿಲ್ಲಿಸುವ ಜಾಗ ಭಾರೀ ದೊಡ್ಡದು. ನಕ್ಷೆಯನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಮಾಡಿ ಹುಡುಕಿದೆ. ಹೆಂಗಸರ ಕೋಣೆ ಇಲ್ಲ. ಅಧ್ಯಕ್ಷರಿಗೆ ಫೋನ್ ಮಾಡಿದೆ. "ಕೋಣೆ ಕಟ್ಟಬಹುದು, ಗುಡಿಸುವವರು ಯಾರು?" ಎಂದು ಕೇಳಿದರು. ಮನೆಯವಳು ಪಕ್ಕದಲ್ಲೇ ಇದ್ದಳು. ವಾರಕ್ಕೊಂದು ಮನೆಯವರು ಅಂತ ಹೆಂಗಸರೇ ಪಾಳಿ ಹಾಕಿಕೊಳ್ಳುತ್ತೇವೆ, ಕೀಲಿಕೈ ಕೊಟ್ಟರೆ ಸಾಕು ಎಂದಳು. ಮುಂದಿನ ಮಹಾಸಭೆಯಲ್ಲಿ ಇಡುವ ಎಂದಿದ್ದಾರೆ ಅಧ್ಯಕ್ಷರು.