ಕೋಟೆ ಬಾಗಿಲು ಕಾಯುವವರ ಓದು

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಎಲ್ಲರಿಗೂ ಗೊತ್ತು. ಕೈಗಾರಿಕಾ ಸುರಕ್ಷತೆಯ ಚರಿತ್ರೆ ಬಹುಮಟ್ಟಿಗೆ ಈ ಗಾದೆಯ ವಿಸ್ತರಣೆಯೇ. ಮೊದಲು ದುರಂತ, ಆಮೇಲೆ ಕಾನೂನು, ಅದನ್ನು ನಡೆಸಬಲ್ಲ ತಿಳಿವಳಿಕಸ್ಥರು ಇನ್ನೂ ಆಮೇಲೆ. ಈ ಸರದಿಯನ್ನು ತಿರುಗಿಸಬಲ್ಲ ಜನರನ್ನು ತಯಾರು ಮಾಡುವ ವ್ಯಾಸಂಗವೊಂದಿದೆ. ಪರಿಸರ, ಔದ್ಯೋಗಿಕ ಆರೋಗ್ಯ ಮತ್ತು ಸುರಕ್ಷತಾ ನಿರ್ವಹಣೆ ಎಂಬುದು ಅದರ ಉದ್ದನೆಯ ಹೆಸರು. ಪದವಿಯ ನಂತರ ಮುಂದೇನು ಎಂದು ಯೋಚಿಸುವ ಮನೆಗಳಲ್ಲಿ ಈ ಹೆಸರು ಕೇಳಿಬರುವುದು ಅಪರೂಪ.

ಈ ಓದು ಏಕೆ ಬೇಕು ಎನ್ನುವುದಕ್ಕೆ ಭೋಪಾಲಕ್ಕಿಂತ ದೊಡ್ಡ ಪಾಠ ಬೇಕಿಲ್ಲ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ ಟ್ಯಾಂಕಿಗೆ ನೀರು ನುಗ್ಗಿ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಹೊರಬಿತ್ತು. ಸಾವಿರಾರು ಮಂದಿ ಸತ್ತರು. ಅಲ್ಲಿ ಸುರಕ್ಷತಾ ಸಾಧನಗಳೇ ಇರಲಿಲ್ಲವೆ? ಇದ್ದವು. ಟ್ಯಾಂಕನ್ನು ತಣ್ಣಗಿಡುವ ಶೈತ್ಯೀಕರಣ ಘಟಕವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಅನಿಲವನ್ನು ತೊಳೆದು ನಿರ್ವಿಷ ಮಾಡುವ ಸ್ಕ್ರಬ್ಬರ್ ಸಜ್ಜಾಗಿರಲಿಲ್ಲ. ಸೋರಿದ ಅನಿಲವನ್ನು ಸುಟ್ಟುಹಾಕುವ ಗೋಪುರದ ಕೊಳವೆಯನ್ನು ದುರಸ್ತಿಗೆಂದು ಕಳಚಿಡಲಾಗಿತ್ತು. ಆಸ್ಪತ್ರೆಗೆ ಓಡಿಬಂದವರಿಗೆ ಯಾವ ಚಿಕಿತ್ಸೆ ಕೊಡಬೇಕೆಂಬ ಮಾಹಿತಿ ವೈದ್ಯರ ಬಳಿ ಇರಲಿಲ್ಲ.

ಇವೆಲ್ಲ ಯಂತ್ರದ ತಪ್ಪುಗಳಲ್ಲ, ನಿರ್ವಹಣೆಯ ತೀರ್ಮಾನಗಳು. ಆದ್ದರಿಂದಲೇ ಈ ವ್ಯಾಸಂಗದಲ್ಲಿ ರಸಾಯನಶಾಸ್ತ್ರ, ಎಂಜಿನಿಯರಿಂಗ್, ವೈದ್ಯಶಾಸ್ತ್ರ, ಕಾನೂನು, ಆಡಳಿತ ಎಲ್ಲವೂ ಒಂದೇ ಸೂರಿನಡಿ ಸೇರುತ್ತವೆ. ಕಾಂಪೌಂಡಿನ ಒಳಗೆ ಕಾರ್ಮಿಕನ ಕಾಯಿಲೆಯಾಗುವ ಹೊಗೆಯೇ ಹೊರಗೆ ಪರಿಸರ ಮಾಲಿನ್ಯವಾಗುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ನೋಡಿ ಪ್ರಯೋಜನವಿಲ್ಲ.

ಇಲ್ಲಿ ಕಲಿಸುವ ಮೂಲಸೂತ್ರ ಸರಳವಾದದ್ದು. ಅಪಾಯಕಾರಿ ವಸ್ತುವನ್ನು ಕೈಬಿಡಲು ಸಾಧ್ಯವೆ ಎಂಬುದು ಮೊದಲ ಪ್ರಶ್ನೆ. ಆಗದಿದ್ದರೆ ಅಷ್ಟು ಅಪಾಯವಿಲ್ಲದ ಇನ್ನೊಂದನ್ನು ಬಳಸಬೇಕು. ಅದೂ ಆಗದಿದ್ದರೆ ಯಂತ್ರದಲ್ಲಿಯೇ ತಡೆ ಒದಗಿಸಬೇಕು. ಆನಂತರ ಕೆಲಸದ ವಿಧಾನ ಮತ್ತು ಪಾಳಿಯ ಬದಲಾವಣೆ. ಹೆಲ್ಮೆಟ್, ಕೈಗವಸು, ಮುಖವಾಡಗಳಿಗೆ ಕಟ್ಟಕಡೆಯ ಸ್ಥಾನ. ನಮ್ಮಲ್ಲಿ ನಡೆಯುವುದು ಇದರ ತದ್ವಿರುದ್ಧ. ಹೆಲ್ಮೆಟ್ ಹಂಚಿ, ಗೇಟಿಗೊಂದು ಫಲಕ ತೂಗುಹಾಕಿದರೆ ಸುರಕ್ಷತೆ ಮುಗಿಯಿತು!

ಅಪಘಾತವಾದರೂ ಕಣ್ಣಿಗೆ ಕಾಣುತ್ತದೆ. ಔದ್ಯೋಗಿಕ ರೋಗ ಕಾಣುವುದಿಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಕಲ್ಲು ಕೊರೆದವರ ಶ್ವಾಸಕೋಶದಲ್ಲಿ ಸಿಲಿಕಾ ದೂಳು ಕೂತು ಸಿಲಿಕೋಸಿಸ್ ಬರುತ್ತಿತ್ತು. ಲಕ್ಷಣ ತೋರುವ ವೇಳೆಗೆ ಎಷ್ಟೋ ವರ್ಷ ಕಳೆದಿರುತ್ತದೆ, ಗುಣಪಡಿಸುವ ಮದ್ದಿಲ್ಲ. ಮೈಸೂರು ಸಂಸ್ಥಾನ 1940ರಲ್ಲಿ ಇದಕ್ಕಾಗಿಯೇ ನಿಯಮಗಳನ್ನು ರೂಪಿಸಿತು. ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಜಲ್ಲಿ ಕ್ರಷರ್‌ಗಳಲ್ಲಿ, ಕಲ್ಲು ಕ್ವಾರಿಗಳಲ್ಲಿ ಅದೇ ದೂಳು ಇಂದಿಗೂ ಏಳುತ್ತಿದೆ. ನೀರು ಹಾಯಿಸಿ ಕೊರೆದರೆ ದೂಳು ಅಡಗುತ್ತದೆ. ಇಷ್ಟು ಸಣ್ಣ ಉಪಾಯವನ್ನು ಮಾಲೀಕನಿಗೆ ಒಪ್ಪಿಸುವುದೇ ಈ ಪದವೀಧರನ ನಿಜವಾದ ಪರೀಕ್ಷೆ.

ಉದ್ಯೋಗಾವಕಾಶಕ್ಕೆ ಕಾನೂನಿನ ಬಲವಿದೆ. 1948ರ ಕಾರ್ಖಾನೆ ಕಾಯ್ದೆಗೆ 1976ರಲ್ಲಿ ಬಂದ ತಿದ್ದುಪಡಿ, 1,000 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಸುರಕ್ಷತಾಧಿಕಾರಿ ಬೇಕೆಂದಿತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಈ ಮಿತಿಯನ್ನು 500ಕ್ಕೆ ಇಳಿಸಿದೆ. ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗಾದರೆ 250. ಮುಂಬಯಿಯ ಕೇಂದ್ರ ಕಾರ್ಮಿಕ ಸಂಸ್ಥೆಯ ಒಂದು ವರ್ಷದ ಡಿಪ್ಲೊಮಾ ಈ ಕ್ಷೇತ್ರದಲ್ಲಿ ಹಳೆಯ ಹೆಸರು. ತಿರುಚಿರಾಪಳ್ಳಿಯ ಎನ್‌ಐಟಿ, ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯಗಳು ಎಂ.ಟೆಕ್. ಹಂತದಲ್ಲಿ ಈ ವಿಷಯ ಕಲಿಸುತ್ತ ಬಂದಿವೆ. ಸಂಶೋಧನೆಯ ಒಲವುಳ್ಳವರು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಕೆಲಸವನ್ನು ಗಮನಿಸಬಹುದು. ಅದರ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿಯೇ ಇದೆ.

ಕಾರ್ಖಾನೆ ಕಾಯ್ದೆಯಡಿ ರೂಪುಗೊಂಡ ನಿಯಮಗಳು ಸುರಕ್ಷತಾಧಿಕಾರಿಗೆ ಹಾಕಿದ ಒಂದು ಅರ್ಹತೆ ಗಮನಾರ್ಹ. ಅಲ್ಲಿನ ಬಹುಪಾಲು ಕಾರ್ಮಿಕರು ಆಡುವ ಭಾಷೆ ಆತನಿಗೆ ಬರಬೇಕು. ಇಂಗ್ಲಿಷಿನಲ್ಲಿ ಕಲಿತ ಪಾಠವನ್ನು ಬಾಯ್ಲರ್ ಮುಂದೆ ನಿಂತವನ ಮಾತಿನಲ್ಲಿ ಹೇಳಲಾಗದಿದ್ದರೆ ಎಂ.ಟೆಕ್. ಪದವಿ ಗೋಡೆಗೆ ಅಲಂಕಾರವಾದೀತು. ಯಾವ ವಾಲ್ವ್ ಸೋರುತ್ತಿದೆ ಎಂಬುದು ಮ್ಯಾನೇಜರನಿಗಿಂತ ಮೊದಲು ಗೊತ್ತಾಗುವುದು ಪಾಳಿಯ ಕೆಲಸಗಾರನಿಗೆ. ಅವನು ಹೆದರದೆ ಬಂದು ಹೇಳುವಂತಹ ನಂಬಿಕೆ ಗಳಿಸುವುದು ಯಾವ ಪಠ್ಯದಲ್ಲಿಯೂ ಇಲ್ಲ.

ಅದೇ ನಿಯಮಗಳು ಇನ್ನೊಂದು ಮಾತನ್ನೂ ಹೇಳಿದ್ದವು. ಸುರಕ್ಷತಾಧಿಕಾರಿ ಕಾರ್ಖಾನೆಯ ಮುಖ್ಯಸ್ಥನ ಕೈಕೆಳಗೆ ನೇರವಾಗಿ ಇರಬೇಕು, ತನ್ನ ಕೆಲಸಕ್ಕೆ ಅಡ್ಡಿಯಾಗುವ ಬೇರೆ ಹೊಣೆ ಹೊರಬಾರದು. ಉತ್ಪಾದನೆಯ ಗುರಿ ಮುಟ್ಟಿಸುವ ಅಧಿಕಾರಿಯ ಅಡಿಯಲ್ಲಿಯೇ ಇದ್ದು, ಉತ್ಪಾದನೆ ನಿಲ್ಲಿಸಿ ಎನ್ನುವುದು ಸುಲಭವೆ? ಈತನ ಕೆಲಸ ಫಲಿಸಿದರೆ ಏನೂ ಆಗುವುದಿಲ್ಲ. ಏನೂ ಆಗದ ವರ್ಷವನ್ನು ಲೆಕ್ಕಪತ್ರದಲ್ಲಿ ತೋರಿಸಲು ಬರುವುದಿಲ್ಲ. ಖರ್ಚು ಕಡಿತದ ಮಾತು ಬಂದಾಗ ಮೊದಲು ಕತ್ತರಿ ಬೀಳುವುದು ಇಲ್ಲಿಗೇ. ಭೋಪಾಲದ ಶೈತ್ಯೀಕರಣ ಘಟಕ ನಿಂತದ್ದು ಹಾಗೆ.

ಆದುದರಿಂದ ಈ ಓದು ಮುಗಿಸಿ ಸಂದರ್ಶನಕ್ಕೆ ಹೋಗುವ ತರುಣ ತರುಣಿಯರು ಸಂಬಳ, ವಸತಿಗಳ ಜೊತೆಗೆ ಎರಡು ವಿಷಯ ವಿಚಾರಿಸಿಕೊಳ್ಳಬೇಕು. ವರದಿ ಒಪ್ಪಿಸಬೇಕಾದದ್ದು ಯಾರಿಗೆ? ಅಪಾಯ ಕಂಡರೆ ಯಂತ್ರ ನಿಲ್ಲಿಸುವ ಅಧಿಕಾರ ಉಂಟೆ? ಎರಡನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ, ಆ ಕಾರ್ಖಾನೆಗೆ ಬೇಕಾಗಿರುವುದು ಅಧಿಕಾರಿಯ ಸಹಿ ಮಾತ್ರ ಎಂದು ತಿಳಿಯಬಹುದು.